ಹುಳ ಮುಟ್ಟದ ಸೀರಿ

ನಮ್ಮ ಗ್ವಾಡಿ ಮ್ಯಾಲ ಒಂದು ಹುಳ ಹರದಾಡತೈತಿ. ಎಲ್ಲಾರ ಮನ್ಯಾಗೂ ಐತಿ. ಸೌತಿಬೀಜದಷ್ಟು ಉದ್ದ, ಚಪ್ಪಟಿ, ಧೂಳಿನ ಬಣ್ಣ. ನೋಡಿದವರು ಗ್ವಾಡಿ ಸುಣ್ಣ ಎದ್ದೈತಿ ಅಂತ ತಿಳೀತಾರ. ನಿಂತು ನೋಡಿದರ ಮಾತ್ರ ಅದು ಸರಿಯೂದು ಕಾಣತೈತಿ. ಅದರ ಮೈಮ್ಯಾಲ ಒಂದು ಚೀಲ. ಚೀಲದ ಬಾಯಾಗಿಂದ ಕರೀ ತಲಿ ಹೊರಗ ಹಾಕಿ, ಕಾಲಿಲೆ ಹಿಡದು, ಚೀಲ ಹಿಂದ ಜಗ್ಗಿಕೊಂಡು ಹೋಗತೈತಿ. ಮುಟ್ಟಿದರ ಒಳಗ ಹೋಗಿ ಬಾಯಿ ಮುಚ್ಚಿಕೊಳ್ಳತೈತಿ. ಐವತ್ತು ವರ್ಷ ನಾ ಅದನ್ನ ಕಸಬರಿಗಿಲೆ ಬಳದು ಒಗದೇನಿ. ಹೋದ ವರ್ಷ ಮಾತ್ರ ಒಂದನ್ನ ಗಾಜಿನ ಭರಣಿಯೊಳಗ ಹಾಕಿ ಸಾಕಿದೆ. ಪ್ರೀತಿಗಿ ಅಲ್ಲ. ಅದು ನಮ್ಮ ಮನಿ ಸೀರಿ ತಿಂದಿತ್ತು. ತಿಂದದ್ದರ ಮುಖ ನೋಡಬೇಕಿತ್ತು ನನಗ.

ಸೀರಿ ಸುದ್ದಿ ಮೊದಲ ಹೇಳಬೇಕು.

ನನ್ನ ತವರು ಬೀಳಗಿ. ನಮ್ಮಪ್ಪ ಮಗ್ಗ ಬಿಟ್ಟು ಕಿರಾಣಿ ಅಂಗಡಿ ಇಟ್ಟಿದ್ದ, ಹಂಗಾಗಿ ನನಗ ನೂಲಿನ ಗಂಧ ಇದ್ದಿಲ್ಲ. ಬನಹಟ್ಟಿಗಿ ಕೊಟ್ಟರು. ಗಂಡನ ಮನ್ಯಾಗ ಎರಡು ಕುಣಿ ಮಗ್ಗ, ನೆಲದಾಗ ಕುಣಿ ತಗದು ಕಾಲು ಇಳಿಬಿಟ್ಟು ನೇಯುವಂಥವು. ಒಂದೇ ಹಂದರದಾಗ ಎರಡು ಮದವಿ ಆದವು. ಮಗನಿಗಿ ನನ್ನ ತಂದರು, ಮಗಳನ್ನ ತುಬಚಿಗಿ ಕೊಟ್ಟರು. ಆ ಮಗಳು ನನ್ನ ನಾದಿನಿ. ಎರಡು ಮದವಿಯ ಎರಡು ಸೀರಿ ನನ್ನ ಗಂಡನೇ ನೇದಿದ್ದ. ನಂದು ಹಸರು ಮೈ, ಅರಿಷಿಣ ದಡಿ, ಅರಿಷಿಣ ಸೆರಗು. ಅಕೀದು ಕರೀ ಮೈ, ಕೆಂಪು ದಡಿ, ಕೆಂಪು ಸೆರಗು. ಮೈ ಎರಡರದೂ ಹತ್ತಿ. ದಡಿ, ಸೆರಗು ರೇಷ್ಮಿ ಅಂತ ಹೇಳಿದ್ದರು.

ಮದವಿ ಆದ ಮೊದಲನೇ ತಿಂಗಳು ನಾ ಮಾರಿ ಊದಿಸಿಕೊಂಡಿದ್ದೆ. ಹಂದರದಾಗ ಎಲ್ಲಾರ ಕಣ್ಣು ನಾದಿನಿ ಸೀರಿ ಮ್ಯಾಲ ಇತ್ತು, ನಂದನ್ನ ಯಾರೂ ಮುಟ್ಟಿ ನೋಡಲಿಲ್ಲ. ಗಂಡ ಮಗ್ಗದ ಕುಣ್ಯಾಗ ಕುಂತವ, ಲಾಳಿ ನಿಂದರಿಸಿ, ದನಿ ಸಣ್ಣ ಮಾಡಿ ಹೇಳಿದ:

“ಅಕೀದು ಚಮಕಾ ಬೇ. ಖರೇ ರೇಷ್ಮಿ ಒಂದು ಸೀರಿಗಿ ಸಾಲುವಷ್ಟ ಇತ್ತು. ಅದನ್ನ ನಿಂದಕ್ಕ ಹಾಕೇನಿ. ಅವ್ವಗ ಹೇಳಬ್ಯಾಡ, ಮಗಳಿಗಿ ಹುಸಿ ಕೊಟ್ಟೆ ಅಂತ ನನ್ನ ಮ್ಯಾಲ ಹರಿಹಾಯತಾಳ.”

ಚಮಕಾ ಅಂದರ ಕಾರಖಾನಿ ನೂಲು. ಕಟ್ಟಿಗಿ ತಿರುಳು ಅರದು ಮಾಡತಾರಂತ. ರೇಷ್ಮಿಯಂಗ ಹೊಳೀತೈತಿ, ರೇಷ್ಮಿ ಅಲ್ಲ.

ಆ ಮಾತು ನನ್ನ ಹೊಟ್ಟ್ಯಾಗ ಹೋಗಿ ಕುಂತಿತು. ಆಮ್ಯಾಲ ಐವತ್ತು ವರ್ಷ ಅದನ್ನೇ ಉಂಡೆ. ಗಂಡ ಛಲೋ ಮನಷ್ಯಾ ಅಲ್ಲ. ನೂಲು ಹರದರ ನನ್ನ ಮ್ಯಾಲ ಸಿಟ್ಟು, ಅನ್ನ ಆರಿದರ ನನ್ನ ಮ್ಯಾಲ ಸಿಟ್ಟು. ಲಾಳಿ ತಗೊಂಡು ಒಗದ ಗುರುತು ಇನ್ನೂ ಹುಬ್ಬಿನ ಮ್ಯಾಲ ಐತಿ. ಪ್ರತಿ ಸಲ ನಾ ಟ್ರಂಕಿನ್ಯಾಗ ಮಡಿಚಿಟ್ಟ ಆ ಸೀರಿ ನೆನಸತಿದ್ದೆ. ಹೆತ್ತವ್ವನ ಮುಂದ ಸುಳ್ಳು ಹೇಳಿ, ಒಡಹುಟ್ಟಿದಾಕೀಗಿ ಹುಸಿ ಕೊಟ್ಟು, ನನಗ ಖರೇದು ಕೊಟ್ಟಾನಲ್ಲ, ಒಳಗ ನನ್ನ ಮ್ಯಾಲ ಜೀವ ಐತಿ ಅಂತ. ಗಂಟು ಕಟಗೊಂಡು ಬೀಳಗಿಗಿ ಹೊರಟವಳು ಎರಡು ಸಲ ಬಸ್ ಸ್ಟ್ಯಾಂಡಿನಿಂದ ತಿರಗಿ ಬಂದೇನಿ.

ನಾದಿನಿ ತುಬಚ್ಯಾಗ ಎರಡು ವರ್ಷ ಬಾಳಿದಳು. ಗಂಡ ಹಾವು ಕಡದು ಸತ್ತ. ಅತ್ತಿ ಮನಿಯವರು ಇಟಗೊಳ್ಳಲಿಲ್ಲ, ತಿರಗಿ ಬಂದಳು. ಕೆಂಪು ಸೆರಗು ಮತ್ತ ಉಡಲಿಲ್ಲ. ನನ್ನ ಟ್ರಂಕಿನ್ಯಾಗೇ ನನ್ನ ಸೀರಿ ಪಕ್ಕ ಅಕೀ ಸೀರಿ ಇಟ್ಟಳು. ಮಗ್ಗದ ಕೆಲಸ ನನಗ ಕಲಿಸಿದಾಕಿ ಅಕೀನೇ: ಲಾಳಿಗಿ ನೂಲಿನ ಕಂಡಿಕಿ ಸುತ್ತೂದು, ಎಳಿಗಿ ಗಂಜಿ ಹಚ್ಚೂದು, ಸೆರಗು ಕಟ್ಟೂದು. ನಮ್ಮ ಸೀರಿಯೊಳಗ ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎಳಿಗಿ ಎಳಿ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಅದು ಹೆಣ್ಣಮಕ್ಕಳ ಕೈಕೆಲಸ, ಗಂಡಸರ ಬೆರಳಿಗಿ ಒಗ್ಗೂದಿಲ್ಲ.

ಅಕೀ ನನಗ ಕಲಿಸಿದಳು, ನಾ ಅಕೀಗಿ ಮರಗಿದೆ. ಮರಗೂದು ಅಂದರ ಮ್ಯಾಲಿಂದ ಕೆಳಗ ನೋಡೂದು. ಪಾಪ, ಚಮಕಾ ಉಟಗೊಂಡು ಹೋದಾಕಿ, ಅಂತ. ನಮ್ಮತ್ತಿ ತೀರಿಕೊಂಡ ಮ್ಯಾಲ ಒಂದು ಸಲ ನಳದ ಹತ್ತರ ಕೊಡದ ಸಲುವಾಗಿ ಜಗಳ ಆತು. ಓಣಿ ಮುಂದ ಅಂದೇ ಬಿಟ್ಟೆ: “ಹೋಗ ಹೋಗ, ಚಮಕಾ ಸೀರಿಯಾಕಿ!” ಅಕೀ ತಲಿ ಕೆಳಗ ಹಾಕಿದಳು. ಸೆರಗು ಬಾಯಿಗಿ ಒತ್ತಿಕೊಂಡು ಒಳಗ ಹೋದಳು. ಅತ್ತಳು ಅಂತ ನಾ ತಿಳಕೊಂಡೆ.

ಗಂಡ ಸತ್ತು ಒಂಬತ್ತು ವರ್ಷ ಆತು. ಕುಣಿ ಮಗ್ಗ ಮುಚ್ಚಿ ಮಗ ಪಾವರ್‌ಲೂಮ್ ಹಾಕ್ಯಾನ. ಮೊಮ್ಮಗಳು ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸತಾಳ. ಮುಧೋಳಕ್ಕ ಕೊಟ್ಟೇವಿ. ಹೋದ ವರ್ಷ ಅಕೀ ಬಸರಾದಳು. ಏಳನೇ ತಿಂಗಳಾಗ ಬಸರಿಗಿ ಉಡಿ ತುಂಬೂ ಕುಬಸ ಮಾಡಬೇಕು, ಕುಬಸಕ್ಕ ಹಸರು ಸೀರಿ ಬೇಕು. ಅಂಗಡಿ ಸೀರಿ ಯಾಕ, ನಿಮ್ಮಜ್ಜ ಕೈಯಾರೆ ನೇದ ಖರೇ ರೇಷ್ಮಿ ದಡಿ ಐತಿ, ಅದನ್ನೇ ಉಡಸತೀನಿ ಅಂತ ಬೀಗರ ಮುಂದೂ ಹೇಳಿ ಕುಂತೆ.

ಐದನೇ ತಿಂಗಳಾಗ, ಬಿಸಲಿಗಿ ಹಾಕೂನು ಅಂತ ಟ್ರಂಕು ತಗದೆ. ತಳಕ್ಕ ಗಂಡನ ಕಂಬಳಿ ಇತ್ತು. ಅವ ಸತ್ತಾಗ ಝಾಡಿಸದೇ ಹಂಗೇ ಮಡಿಚಿ ಇಟ್ಟಿದ್ದೆ. ಕಂಬಳಿ ಜರಡಿ ಆಗಿತ್ತು. ಅದರ ಮ್ಯಾಲಿದ್ದ ನಾದಿನಿ ಸೀರಿ ಬಿಚ್ಚಿದರ ಕೆಂಪು ಸೆರಗು ಉದರಿ ಬಿತ್ತು. ದಡಿ ತುಂಬ ತೂತು. ಕರೀ ಮೈ ಮಾತ್ರ ಹಂಗೇ ಇತ್ತು. ನನ್ನ ಸೀರಿ ಬಿಚ್ಚಿದೆ. ಒಂದು ಎಳಿ ಹೋಗಿದ್ದಿಲ್ಲ.

ನಾ ನಕ್ಕೆ. ಖರೇ ಹೇಳತೀನಿ, ಭಾಳ ನಕ್ಕೆ. ನನ್ನ ಸೀರಿ ಮಡಿಕ್ಯಾಗ ವರ್ಷಾ ಹುಳ ಹತ್ತದಂಗ ಡಾಂಬರ ಗುಳಿಗಿ ಹಾಕತಿದ್ದೆ. ಅಕೀ ಸೀರಿಗಿ ಒಂದೂ ಹಾಕತಿದ್ದಿಲ್ಲ. ಚಮಕಾಕ್ಕ ಯಾಕ ಗುಳಿಗಿ ಅಂತ. ಓಣ್ಯಾಗ ನಾಲ್ಕು ಮನಿಗಿ ಹೋಗಿ ಸೀರಿ ತೋರಿಸಿ ಬಂದೆ. “ನೋಡ್ರಿ, ಖರೇದು ಖರೇದೇ. ಹುಳ ಸುದ್ದಾ ಮುಟ್ಟಿಲ್ಲ.” ನಾಲ್ಕೂ ಮನಿಯವರು ನೇಕಾರರು. ಯಾರೂ ಹೌದು ಅನ್ನಲಿಲ್ಲ. ಒಬ್ಬಾಕಿ ಚಾ ಕುಡಿ ಅಂದಳು. ಆವಾಗೇ ನನಗ ತಿಳೀಬೇಕಿತ್ತು.

ನಾದಿನಿ ತನ್ನ ಸೆರಗಿನ ಚೂರು ಕೈಯಾಗ ಹಿಡದು ಸವರಿದಳು. ಅಕೀಗಿ ಈಗ ಕಣ್ಣು ಮಂಜು. “ಹೋತ ಬಿಡ್ರಿ ವೈನಿ,” ಅಂದಳು. ಅಷ್ಟ.

ರವಿವಾರ ಮೊಮ್ಮಗಳು ಬಂದಳು. ಟ್ರಂಕಿನ ಮೂಲ್ಯಾಗ ಸೀರಿ ನಡುವ ಆ ಗ್ವಾಡಿ ಹುಳದ ಚೀಲ ಐದಾರು ಸಿಕ್ಕಿದ್ದವು. ಗ್ವಾಡಿ ಮ್ಯಾಲ ಬೂದಿ ಬಣ್ಣ ಇರತಾವಲ್ಲ, ಇವು ಕೆಂಪು.

“ಆಯಿ, ಇದು ನುಸಿ ಪತಂಗದ ಮರಿ,” ಅಂದಳು. “ಏನು ತಿಂತೈತೋ ಅದರ ಎಳಿಯಿಂದನೇ ಚೀಲ ಹೊಲಕೊಳ್ಳತೈತಿ. ನೀಲಿ ಕೊಟ್ಟರ ನೀಲಿ ಪಟ್ಟಿ, ಬಿಳೀದು ಕೊಟ್ಟರ ಬಿಳಿ ಪಟ್ಟಿ.”

“ನಮ್ಮಂಥಾ ನೇಕಾರ ಅನ್ನ ಇದೂ.”

“ನಿಮಗಿಂತ ಛಲೋ. ಕೂಲಿ ಕೇಳೂದಿಲ್ಲ.”

ಒಂದನ್ನ ಭರಣಿಯೊಳಗ ಹಾಕಿದೆ. ಮುಚ್ಚಳಕ್ಕ ಸಣ್ಣ ತೂತು ಹೊಡದೆ. ನಾದಿನಿ ಸೆರಗಿನ ಚೂರು ಒಳಗ ಇಟ್ಟೆ. ದಿನಾ ಮಧ್ಯಾಹ್ನ ಉಂಡ ಮ್ಯಾಲ ಅದನ್ನ ನೋಡೂದೇ ಕೆಲಸ ಆತು. ಸೀರಿ ಮಡಿಕ್ಯಾಗ ಉಳದ ತತ್ತಿ ನನ್ನ ಕಣ್ಣಿಗಿ ಕಾಣಲಿಲ್ಲ. ಗಸಗಸಿಗಿಂತ ಸಣ್ಣ, ಬಿಳಿ ಅಂತ ಮೊಮ್ಮಗಳು ಫೋನಿನ್ಯಾಗ ದೊಡ್ಡದು ಮಾಡಿ ತೋರಿಸಿದಳು. ಎಳಿ ಸಂದ್ಯಾಗ ತತ್ತಿ ಇಟ್ಟು ತಾಯಿ ಸಾಯತೈತಿ. ಮರಿ ಹೊರಗ ಬಂದ ದಿನದಿಂದ ಚೀಲದಾಗೇ ಇರತೈತಿ. ಎರಡೂ ಕಡೆ ಬಾಯಿ. ಈ ಕಡೆ ತಿಂದು ಸಾಕಾದರ ಒಳಗ ಹೊರಳಿ ಆ ಕಡೆ ತಲಿ ತಗೀತೈತಿ. ಮೈ ಬೆಳದು ಚೀಲ ಬಿಗಿ ಆದರ ಹೊಸಾದು ಹೊಲಿಯೂದಿಲ್ಲ. ಬದಿ ಕತ್ತರಿಸಿ ನಡುವ ತ್ಯಾಪಿ ಹಾಕತೈತಿ. ನಾ ಸಣ್ಣಾಕಿ ಇದ್ದಾಗ ನಮ್ಮವ್ವ ನನ್ನ ಅಂಗಿಗಿ ಹಾಕತಿದ್ದಳಲ್ಲ, ಥೇಟ ಹಂಗ. ಮೂರು ವಾರದಾಗ ಚೀಲಕ್ಕ ಎರಡು ಕೆಂಪು ತ್ಯಾಪಿ ಬಿದ್ದವು.

ಆವಾಗ ನನಗ ಒಂದು ಹುಚ್ಚು ಹತ್ತಿತು. ಅದರ ಮ್ಯಾಲ ಒಂದು ಅರಿಷಿಣ ಪಟ್ಟಿ ನೋಡಬೇಕು. ಹುಸಿ ತಿಂದ ಹುಳಕ್ಕ ಖರೇ ರೇಷ್ಮಿ ರುಚಿ ತೋರಿಸಬೇಕು. ನನ್ನ ಸೆರಗಿನ ಕೊನೀಗಿ ಬಿಟ್ಟ ಎಳಿ ಇರತಾವಲ್ಲ, ಅದರಾಗಿಂದ ಒಂದು ಕುಚ್ಚು ಕತ್ತರಿಸಿದೆ. ಗುಳಿಗಿ ವಾಸನಿ ಹೋಗಲಿ ಅಂತ ಎರಡು ಸಲ ಒಗದು ಬಿಸಲಿಗಿ ಹಾಕಿ ಭರಣಿಯೊಳಗ ಇಟ್ಟೆ. ಕೆಂಪು ಚೂರು ತಗದೆ.

ಹುಳ ಬಂತು. ಅರಿಷಿಣ ಎಳಿ ಮ್ಯಾಲ ಹತ್ತಿತು, ತಲಿ ಆಡಿಸಿತು, ಇಳದು ಹೋತು. ಮರುದಿನಾನೂ ಹಂಗೇ. ನಾಲ್ಕನೇ ದಿನ ಅದು ತನ್ನ ಚೀಲದ ಅಂಚೇ ತಾ ಕಡಕೊಂಡು ತಿನ್ನಾಕತ್ತಿತು. ಖರೇ ರೇಷ್ಮಿ ಮ್ಯಾಲ ಕುಂತು ಉಪವಾಸ. ಐದನೇ ದಿನ ಕೆಂಪು ಚೂರು ತಿರಗಿ ಇಟ್ಟೆ. ಹಸಿದವರು ಗಂಗಾಳಕ್ಕ ಬಿದ್ದಂಗ ಬಿತ್ತು.

ರವಿವಾರ ಮೊಮ್ಮಗಳನ್ನ ಕೇಳಿದೆ: “ಇದು ಏನೇನು ತಿಂತೈತಿ ಬೇ?”

“ಕಂಬಳಿ ಉಣ್ಣೆ, ಕೂದಲು, ಗರಿ, ರೇಷ್ಮಿ. ಪ್ರಾಣಿಯಿಂದ ಬಂದದ್ದು ಏನಿದ್ದರೂ. ಗಿಡದಿಂದ ಬಂದದ್ದು ಇದಕ್ಕ ಒಗ್ಗೂದಿಲ್ಲ. ಹತ್ತಿ ಅಂತೂ…” ಅಂದಾಕಿ ಭರಣಿ ನೋಡಿದಳು. ಅರಿಷಿಣ ಕುಚ್ಚು ಇಟ್ಟಂಗೇ ಇತ್ತು. ಮುಂದಿಂದು ನನಗ ಹೇಳಿಕೊಡೂದು ಬೇಕಿದ್ದಿಲ್ಲ. ಚಮಕಾ ಯಾತರಿಂದ ಮಾಡತಾರ ಅಂತ ಐವತ್ತು ವರ್ಷದಿಂದ ನಾನೇ ಹೇಳಿಕೊಂತ ಬಂದಾಕಿ.

ಆದರೂ ಒಳಗ ಹೋಗಿ ಒಲಿ ಹತ್ತರ ಕುಂತು ಕಡ್ಡಿ ಗೀರಿದೆ. ಮೊದಲ ಕೆಂಪು ಎಳಿ ಹಿಡದೆ. ಮುದುಡಿತು, ಸುಟ್ಟ ಕೂದಲ ನಾತ ಬಂತು, ಬೆರಳಾಗ ತಿಕ್ಕಿದರ ಕರೀ ಪುಡಿ. ರೇಷ್ಮಿ. ಆಮ್ಯಾಲ ಅರಿಷಿಣ ಎಳಿ. ಭಗ್ ಅಂತ ಹತ್ತಿತು. ಕಾಗದ ಸುಟ್ಟ ವಾಸನಿ. ಕೈಯಾಗ ಬೂದಿ ಸುದ್ದಾ ಉಳೀಲಿಲ್ಲ.

ನೇಕಾರರ ಮನಿ ಸಣ್ಣ ಹುಡುಗಿಗೂ ಗೊತ್ತಿರೂ ಪರೀಕ್ಷಾ ಇದು. ಮಂದಿ ಸೀರಿ ಎಷ್ಟೋ ನಾ ಹಿಂಗ ಸುಟ್ಟು ನೋಡಿ ಹೇಳೇನಿ. ನಂದನ್ನ ಒಂದು ಸಲ ನೋಡಲಿಲ್ಲ. ಸವೀತೈತಿ ಅಂತ ಉಡಲಿಲ್ಲ, ಉಟ್ಟದ್ದು ಎರಡೇ ಸಲ, ಮದವ್ಯಾಗ ಮತ್ತ ಮಗನ ತೊಟ್ಟಲಕ್ಕ. ಬಿಸಲಿಗಿ ಹಾಕಿ ಮಡಿಚುವಾಗ ಕೈಗಿ ಗೊತ್ತಾಗಿರಬೇಕು. ರೇಷ್ಮಿ ಬಿಸಲಾಗ ಬೆಚ್ಚಗಾಗೂದು ಬ್ಯಾರೆ, ಚಮಕಾ ಬ್ಯಾರೆ. ಕೈ ಹೇಳಿದ್ದು ನಾ ಕೇಳಲಿಲ್ಲ. ಕೇಳಿದ್ದರ ಗಂಟು ಕಟಗೊಂಡು ಹೋದಾಕಿ ಬೀಳಗಿ ಬಸ್ ಹತ್ತಿ ಹೋಗೇ ಬಿಡತಿದ್ದೆ.

ಭರಣ್ಯಾಗಿನ ಹುಳ ಮುಚ್ಚಳದ ತನಕ ಹತ್ತಿ, ಚೀಲದ ಒಂದು ತುದಿ ಅಂಟಿಸಿ ಜೋತುಬಿತ್ತು. ಎರಡು ವಾರ ಅಲ್ಲಾಡಲಿಲ್ಲ. ಸತ್ತೈತಿ ಅಂತ ಬಿಟ್ಟಿದ್ದೆ. ಒಂದು ಸಂಜಿಮುಂದ ನೋಡಿದರ ಚೀಲದ ಬಾಯಾಗ ಖಾಲಿ ಸಿಪ್ಪಿ ಅರ್ಧ ಹೊರಗ ನಿಂತಿತ್ತು, ಪಕ್ಕಕ್ಕ ಪತಂಗ ಕುಂತಿತ್ತು. ಜ್ವಾಳದ ಕಾಳಿಗಿಂತ ಚೂರು ಉದ್ದ. ರೆಕ್ಕಿ ಒಣಗಿದ ಕಣಿಕಿ ದಂಟಿನ ಬಣ್ಣ, ಮ್ಯಾಲ ಕರೀ ಚುಕ್ಕಿ, ಅಂಚಿಗಿ ಜೂಲು. ತಲಿ ಮ್ಯಾಲ ಕೆದರಿದ ಕೂದಲು, ಈಗ ಎದ್ದು ಬಂದಾಕೀಗಿ ಇರತಾವಲ್ಲ, ಹಂಗ. ಇಷ್ಟ. ಕೆಂಪು ತಿಂದು ಬೆಳದದ್ದರ ಮೈಮ್ಯಾಲ ಕೆಂಪಿನ ಗುರುತು ಒಂದೂ ಇಲ್ಲ. ದೀಪಕ್ಕ ಬಂದು ಬೀಳೂ ಜಾತಿ ಅಲ್ಲ ಅದು. ಬ್ಯಾಟರಿ ಹಿಡದರ ಬೆಳಕಿಗಿ ಅಂಜಿ ಮುಚ್ಚಳದ ಸಂದ್ಯಾಗ ಓಡಿತು. ತಿನ್ನಾಕ ಇಟ್ಟೆ, ಮುಟ್ಟಲಿಲ್ಲ. “ಅದಕ್ಕ ಬಾಯೇ ಇಲ್ಲ ಆಯಿ,” ಅಂತ ಮೊಮ್ಮಗಳು ಫೋನಿನ್ಯಾಗ ಹೇಳಿದಳು. “ಮರಿ ಇದ್ದಾಗ ತಿಂದದ್ದರ ಮ್ಯಾಲೇ ಬದುಕತೈತಿ.” ಏಳೆಂಟು ದಿನಕ್ಕ ಸತ್ತು ತಳಕ್ಕ ಬಿತ್ತು. ಬೆರಳು ಹಚ್ಚಿದರ ಪುಡಿ ಆತು. ಬೈಯೂದಕ್ಕ ಅಂತ ಇಟಗೊಂಡಿದ್ದೆ. ಬೈಯಾಕ ಏನೂ ಉಳೀಲಿಲ್ಲ.

ಕುಬಸಕ್ಕ ನಾಲ್ಕು ದಿನ ಇತ್ತು. ನಾದಿನಿ ಕಟ್ಟಿ ಮ್ಯಾಲ ಬಿಸಲು ಕಾಸಿಕೊಂತ ಅವರಿಕಾಯಿ ಸುಲಿಯಾಕತ್ತಿದ್ದಳು. ಎದುರಿಗಿ ಕುಂತೆ. ನನಗ ಸುತ್ತುಬಳಸಿ ಮಾತಾಡಾಕ ಬರೂದಿಲ್ಲ.

“ನಿನ್ನ ಸೀರಿ ಖರೇ ರೇಷ್ಮಿ ಇತ್ತು.”

“ಇತ್ತರಿ ವೈನಿ.”

“ನಂದು ಚಮಕಾ.”

“ಹೌದರಿ.”

ಅಕೀ ಕೈ ನಿಲ್ಲಲಿಲ್ಲ. ಕಾಳು ಒಂದು ಕಡೆ, ಸಿಪ್ಪಿ ಒಂದು ಕಡೆ.

“ನಿನಗ ಯಾವಾಗ ಗೊತ್ತಾತು?”

“ಯಾವಾಗ ಅಂದರ? ಎರಡೂ ಸೆರಗು ಕಟ್ಟಿದಾಕಿ ನಾನೇ ಅಲ್ಲೇನ್ರಿ. ಎಳಿಗಿ ಎಳಿ ಕೊಂಡಿ ಹಾಕೇನಿ. ನಿಮ್ಮ ಮದವಿಗಿಂತ ಮೊದಲ ಗೊತ್ತು. ಅಪ್ಪ ತಂದ ರೇಷ್ಮಿ ಒಂದಕ್ಕ ಸಾಲತಿತ್ತು. ಹೊರಗ ಹೋಗೂ ಮಗಳಿಗಿ ಹಾಕು ಅಂದಳು ಅವ್ವ. ಅಣ್ಣ ಹೂಂ ಅಂದ.”

“ಅವ ನನಗ ಉಲ್ಟಾ ಹೇಳಿದ್ದ.”

“ಅದೂ ಗೊತ್ತು. ನಾ ತವರಿಗಿ ಬಂದಿದ್ದೆ, ಅವತ್ತ ಸಂಜಿಮುಂದನೇ ನನಗ ಹೇಳಿ ನಕ್ಕ. ಬೀಳಗಿ ಹುಡುಗಿಗಿ ನೂಲಿನ ಗುರುತು ಇಲ್ಲ, ನಂಬಿದಳು ಅಂದ.”

ನನ್ನ ಹುಬ್ಬಿನ ಗಾಯ ಬಿಸಿ ಆದಂಗ ಆತು. “ನಾ ನಿನಗ ಓಣಿ ಮುಂದ ಅಂದೆ. ಚಮಕಾ ಸೀರಿಯಾಕಿ ಅಂದೆ. ನೀ ಯಾಕ ಬಾಯಿ ಬಿಡಲಿಲ್ಲ?”

ಆವಾಗ ಅಕೀ ತಲಿ ಎತ್ತಿದಳು. ಮಂಜು ಕಣ್ಣು, ನನ್ನ ಮಾರಿ ಕಂಡಿತೋ ಇಲ್ಲೋ.

“ಯಾಕ ಬಿಡಲಿ ವೈನಿ? ಗಂಡ ಇಲ್ಲ, ಮಕ್ಕಳಿಲ್ಲ, ನಿಮ್ಮ ಮನ್ಯಾಗ ನಿಮ್ಮ ಅನ್ನ. ನೀವು ದಿನಾ ನನ್ನ ನೋಡಿ ಮರಗತಿದ್ದಿರಿ. ನೀವು ಮರಗಿದಾಗೆಲ್ಲ ನನಗ ಒಳಗ ನಗು. ಅದೊಂದು ನಗು ಇತ್ತು ನನಗ. ಅದನ್ನೂ ನಿಮಗ ಕೊಡಬೇಕಿತ್ತೇನ್ರಿ?”

ನಳದ ಹತ್ತರ ಸೆರಗು ಬಾಯಿಗಿ ಒತ್ತಿಕೊಂಡು ಒಳಗ ಓಡಿದ್ದು ನೆನಪಾತು. ಅತ್ತಿದ್ದಿಲ್ಲ ಅಕೀ.

ನಾ ಎದ್ದು ಬಂದೆ. ಬೈಯಲಿಲ್ಲ. ಐವತ್ತು ವರ್ಷ ಅಕೀಗಿ ನಾ ತೋರಿಸಿದ ಮರುಕ ಹುಸಿ, ಅಕೀ ನನ್ನ ನೋಡಿ ನಕ್ಕ ನಗು ಖರೇ. ಯಾವ ಮಾತು ತಗದು ಬೈಯಲಿ?

ಮೊಮ್ಮಗಳಿಗಿ ಹೇಳಿದೆ, ಅಂಗಡ್ಯಾಗ ಬ್ಯಾರೆ ಹಸರು ತರೂನು ಅಂತ. “ಹಸರು ಐತಿ ಅಲ್ಲ ಆಯಿ, ಸಾಕು ಬಿಡು,” ಅಂದಳು. ಅಕೀ ಮನಸು ಛಲೋದು. ಆದರ ನಾ ಅಷ್ಟು ವರ್ಷ ಕಾಯ್ದು ಇಟ್ಟದ್ದು ‘ಸಾಕು ಬಿಡು’ ಅನ್ನೂದಕ್ಕ ಅಲ್ಲ.

ಕುಬಸದ ದಿನ ಮೊಮ್ಮಗಳು ಹಸರು ಸೀರಿ ಉಟ್ಟು, ಹಸರು ಬಳಿ ತೊಟ್ಟು ಮಣಿ ಮ್ಯಾಲ ಕುಂತಳು. ಚಮಕಾ ಆದರೇನು, ಬಣ್ಣ ಇನ್ನೂ ಹೊಸಾದರಂಗ ಇತ್ತು. ನಮ್ಮ ಓಣಿಯ ಆ ನಾಲ್ಕು ಮನಿಯವರೂ ಬಂದಿದ್ದರು. ಮುಧೋಳದಿಂದ ಬಂದ ಬೀಗತಿ ಉಡಿ ತುಂಬಿ, ದಡಿ ಮ್ಯಾಲ ಬೆರಳಾಡಿಸಿ, ನನ್ನ ಕಡೆ ತಿರಗಿ ಕೇಳಿದಳು:

“ಇದೇ ಏನ್ರಿ ಆಯಿ ನೀವು ಹೇಳಿದ್ದು? ಖರೇ ರೇಷ್ಮಿ?”

ಹೆಣ್ಣಮಕ್ಕಳೆಲ್ಲ ನನ್ನ ಬಾಯಿ ನೋಡಿದರು. ಓಣಿಯವರು ನೆಲ ನೋಡಿದರು. ಚಮಕಾ ಅಂತ ಹೇಳಾಕೇ ನಾ ಬಾಯಿ ತಗದೆ. ದೇವರಾಣಿ, ಹೇಳತಿದ್ದೆ.

ಹಿಂದಿನಿಂದ ನಾದಿನಿ ಅಂದಳು: “ಖರೇ ರೇಷ್ಮಿನೇ ರೀ. ಸೆರಗು ಕಟ್ಟಿದಾಕಿ ನಾನೇ. ನನ್ನ ಬೆರಳಿಗಿ ಗೊತ್ತಿಲ್ಲೇನ್ರಿ? ಒಂದೇ ಸೀರಿಗಿ ಸಾಲುವಷ್ಟ ಇತ್ತು. ನನ್ನ ಅಣ್ಣ ನನಗ ಹುಸಿ ಹಾಕಿ, ಹೇಣ್ತಿಗಿ ಖರೇದು ಹಾಕಿದ. ಅಷ್ಟು ಜೀವ ವೈನಿ ಮ್ಯಾಲ.”

ಎಲ್ಲಾರೂ ನಕ್ಕರು. ಬೀಗತಿ ದಡಿ ಕಣ್ಣಿಗಿ ಒತ್ತಿಕೊಂಡಳು. ನಾ ನಾದಿನಿ ಕಡೆ ನೋಡಿದೆ. ಅಕೀ ಸೆರಗು ಬಾಯಿಗಿ ಒತ್ತಿಕೊಂಡಿದ್ದಳು.

ನನ್ನ ಮಾನ ಉಳಿಸಿದಳೋ, ಕೊನೇ ಸಲ ಒಂದು ಹೊಟ್ಟಿತುಂಬ ನಕ್ಕಳೋ, ನಾ ಕೇಳಲಿಲ್ಲ. ಕೇಳೂದೂ ಇಲ್ಲ. ಒಂದು ಮಾತ್ರ ಗೊತ್ತಾತು. ಆ ಸುಳ್ಳು ಮೊದಲ ಗಂಡ ಕೊಟ್ಟದ್ದು, ಈಗ ಅಕೀ ಕೊಟ್ಟದ್ದು. ಎರಡು ಸಲಾನೂ ನಾ ಬಾಯಿ ಮುಚ್ಚಿಕೊಂಡು ತಗೊಂಡೆ.

ಮರುದಿನ ಟ್ರಂಕು ಬಿಸಲಿಗಿ ಒಣಗಿಸಿ, ಗಂಡನ ಜರಡಿ ಕಂಬಳಿ ಸುಟ್ಟು ಬೂದಿ ತಿಪ್ಪಿಗಿ ಚೆಲ್ಲಿ ಬಂದೆ. ಎರಡು ಸೀರಿ ತಿರಗಿ ಇಟ್ಟೆ. ನಂದಕ್ಕ ಗುಳಿಗಿ ಹಾಕಲಿಲ್ಲ. ಅದನ್ನ ಯಾವ ಹುಳಾನೂ ಮುಟ್ಟೂದಿಲ್ಲ. ಪೊಟ್ಟಣದಾಗ ಉಳದ ಗುಳಿಗಿ ಅಷ್ಟೂ ಅಕೀ ಹರಕ ಸೆರಗಿನ ಮಡಿಕ್ಯಾಗ ಹಾಕಿ ಕೀಲಿ ಹಾಕಿದೆ.